ಮರದ ಬುಡಕ್ಕೆ ಫಿನಿಶಿಂಗ್

ಪಾರ್ಕಿನ ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತು ನನಗೆ ಹನ್ನೊಂದು ವರ್ಷವಾಯಿತು. ಕಾವಲುಗಾರನಿಗೆ ಕೈಗೆ ಕೆಲಸ ಕಡಿಮೆ, ಕಣ್ಣಿಗೆ ಜಾಸ್ತಿ. ಯಾರು ಯಾರ ಜೊತೆ ಬಂದರು, ಯಾರು ಮುಖ ಊದಿಸಿಕೊಂಡು ಒಬ್ಬರೇ ವಾಪಸ್ಸು ಹೋದರು, ಯಾರ ನಾಯಿ ಯಾವ ಬೆಂಚಿನ ಹತ್ತಿರ ಕಾಲೆತ್ತಿತು, ಎಲ್ಲ ನನಗೆ ಗೊತ್ತಿರುತ್ತದೆ. ಅಂಥ ನನ್ನ ಕಣ್ಣೆದುರಿಗೇ ಎರಡು ವರ್ಷ ಒಂದು ಮರ ಸಾಯುತ್ತಿತ್ತು. ಸಾಯಿಸುತ್ತಿದ್ದವನು ಒಳ್ಳೆಯವರಲ್ಲಿ ಒಳ್ಳೆಯವನು. ನಾನು ಅದನ್ನು ನೋಡಿ "ಭೇಷ್, ಎಷ್ಟು ನೀಟಾಗಿ ಮಾಡ್ತೀಯ ಮಾರಾಯ" ಅಂದವನು. ನನ್ನ ಮೇಲೆ ನನಗಿರುವ ಆ ಸಿಟ್ಟು ಇನ್ನೂ ಇಳಿದಿಲ್ಲ.

ಅವನನ್ನು ನಾವೆಲ್ಲ ಕಟಿಂಗಣ್ಣ ಅನ್ನುತ್ತಿದ್ದೆವು. ಪಾರ್ಕಿನ ಹುಲ್ಲು ಕತ್ತರಿಸುವವನು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಮನುಷ್ಯರ ತಲೆ ಕತ್ತರಿಸಿದ್ದ, ಅಂದರೆ ತಲೆಗೂದಲು. ರಸ್ತೆ ಅಗಲ ಮಾಡುವವರು ಬಂದು ಅವನ ಸಲೂನಿದ್ದ ಕಟ್ಟಡದ ಅರ್ಧ ಮೂತಿ ಒಡೆದುಹಾಕಿದರು. ಎರಡು ಕುರ್ಚಿ, ಒಂದು ಕನ್ನಡಿ ಹಿಡಿದುಕೊಂಡು ಬೇರೆ ಜಾಗ ಹುಡುಕಿ ಹುಡುಕಿ ಸಾಕಾಗಿ, ನಲವತ್ತಾರನೇ ವಯಸ್ಸಿನಲ್ಲಿ ಪಾರ್ಕಿನ ಕೆಲಸಕ್ಕೆ ಸೇರಿಕೊಂಡ. ಮೊದಲ ದಿನ ಮಷೀನು ಕೈಗೆ ತೆಗೆದುಕೊಂಡವನೇ ತೂಗಿ ನೋಡಿ, "ಇದೂ ಕಟಿಂಗೇ ಅಲ್ವಾ. ಗಿರಾಕಿ ಮಾತಾಡಲ್ಲ ಅನ್ನೋದೊಂದೇ ವ್ಯತ್ಯಾಸ" ಅಂದ. ಹೆಸರು ಅಲ್ಲೇ ಅಂಟಿಕೊಂಡಿತು.

ಆ ಮಷೀನು ನೀವೂ ನೋಡಿರುತ್ತೀರಿ. ಉದ್ದ ಕೊಳವೆ, ಹಿಂದೆ ಪೆಟ್ರೋಲಿನ ಸಣ್ಣ ಎಂಜಿನ್ನು, ಮುಂದೆ ಗಿರಗಿರ ಸುತ್ತುವ ತಲೆ. ಆ ತಲೆಯಿಂದ ಎರಡು ತುಂಡು ನೈಲಾನ್ ದಾರ ಹೊರಗೆ ಚಾಚಿಕೊಂಡಿರುತ್ತದೆ. ಬ್ಲೇಡಿಲ್ಲ, ಕತ್ತಿಯಿಲ್ಲ, ಬರೀ ದಾರ. ದಾರ ತಾನೇ ಅಂತ ಹಗುರವಾಗಿ ತೆಗೆದುಕೊಂಡವರು ಕೆಟ್ಟರು. ಪೂರ್ತಿ ವೇಗದಲ್ಲಿ ಸುತ್ತುವಾಗ ಅದು ಒಂದು ಹರಳನ್ನು ಎಗರಿಸಿದರೆ ಇಪ್ಪತ್ತು ಹೆಜ್ಜೆ ಆಚೆ ನಿಂತವರ ಕಣ್ಣು ಹೋಗಬಹುದು.

ಕಟಿಂಗಣ್ಣ ಹಗುರವಾಗಿ ತೆಗೆದುಕೊಳ್ಳುವವನಲ್ಲ. ಕೆಲಸ ಶುರು ಮಾಡುವ ಮುಂಚೆ ಇಡೀ ಜಾಗವನ್ನು ಒಂದು ಸುತ್ತು ನಡೆದು ಕಲ್ಲು, ಗಾಜಿನ ಚೂರು, ತಂತಿ ತುಂಡು ಹೆಕ್ಕಿ ಬಕೆಟ್ಟಿಗೆ ಹಾಕುತ್ತಿದ್ದ. ಎಂಥ ಸೆಕೆಯಿದ್ದರೂ ದಪ್ಪ ಪ್ಯಾಂಟು, ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಯಾರಾದರೂ ಹತ್ತಿರ ಬಂದರೆ ಎಂಜಿನ್ನು ಆರಿಸಿ, ಅವರು ದಾಟುವವರೆಗೂ ಮದುವೆ ಮನೆಯ ಬಾಗಿಲಲ್ಲಿ ನಿಂತವನ ಹಾಗೆ ನಗುತ್ತಾ ನಿಲ್ಲುತ್ತಿದ್ದ. ದಾರ ಸಿಕ್ಕಿಕೊಂಡರೆ ಎಂಜಿನ್ನು ಪೂರ್ತಿ ನಿಂತ ಮೇಲೇ ಕೈ ಹಾಕುವುದು. ಎತ್ತರದ ಹುಲ್ಲಾದರೆ ಮೊದಲು ಮೇಲಿನ ಅರ್ಧ, ಆಮೇಲೆ ಬುಡ. ದಾರದ ತುದಿಯಿಂದ ಮಾತ್ರ ಕತ್ತರಿಸಬೇಕು, ಒಳಗೆ ತುರುಕಬಾರದು ಅನ್ನುತ್ತಿದ್ದ. ಒಮ್ಮೆ ಪಕ್ಕದ ಮೈದಾನದ ಕೆಲಸದವನು ಬೇಗ ಮುಗಿಯಲಿ ಅಂತ ಮಷೀನಿನ ಗಾರ್ಡ್, ಅಂದರೆ ಕಲ್ಲು ಹಾರದ ಹಾಗೆ ತಡೆಯುವ ಮುಚ್ಚಳ, ಬಿಚ್ಚಿಟ್ಟು ಬಂದಿದ್ದ. ಕಟಿಂಗಣ್ಣ ಅವನಿಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ. "ಬ್ರೇಕ್ ಬಿಚ್ಚಿದ್ರೆ ಬಸ್ಸೂ ಬೇಗ ಹೋಗುತ್ತೆ. ಎಲ್ಲಿಗೆ ಅಂತ ಕೇಳ್ಬೇಡ." ಆರು ವರ್ಷದಲ್ಲಿ ಅವನ ಮಷೀನಿನಿಂದ ಯಾರ ಮೈಗೂ ಒಂದು ಹುಲ್ಲುಕಡ್ಡಿ ಹಾರಿ ತಾಗಿದ್ದಿಲ್ಲ. ಮನುಷ್ಯರ ಮೈಗೆ ಅಂತ ಸೇರಿಸಿ ಹೇಳಬೇಕಿತ್ತು, ನಾವ್ಯಾರೂ ಆಗ ಸೇರಿಸಲಿಲ್ಲ.

ಈಗ ಅವನ ಅಕ್ಕನ ವಿಷಯ. ಅವನಿಗಿಂತ ಹದಿಮೂರು ವರ್ಷ ದೊಡ್ಡವಳು. ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ತಮ್ಮನಿಗೆ ಒಂದು ದಾರಿ ಆಗಲಿ ಅಂತ ತಾನು ತಡವಾಗಿ ಮದುವೆಯಾದಳು, ಇನ್ನೂ ತಡವಾಗಿ ಒಬ್ಬ ಮಗನನ್ನು ಹೆತ್ತಳು. ಆ ಮಗ ಹತ್ತೊಂಬತ್ತನೇ ವಯಸ್ಸಿನಲ್ಲಿ ಗೆಳೆಯರ ಜೊತೆ ಹೊಳೆಗೆ ಈಜಲು ಹೋದವನು ಬರಲಿಲ್ಲ. ಎಂಟು ದಿನ ಹುಡುಕಿದರು. ಒಂದು ಚಪ್ಪಲಿ ಸಿಕ್ಕಿತು, ಅದೂ ಅವನದಲ್ಲವಂತೆ.

ಮಣ್ಣು ಮಾಡಲು ದೇಹವಿಲ್ಲ, ಹೋಗಿ ಕೂತು ಅಳಲು ಒಂದು ಜಾಗವಿಲ್ಲ. ಆ ತಾಯಿಯ ಸಂಕಟ ಶತ್ರುವಿಗೂ ಬೇಡ. ಆಗ ನಮ್ಮ ಪಾರ್ಕಿನ ಹಿಂಭಾಗದಲ್ಲಿ, ತೀರಿಹೋದವರ ನೆನಪಿಗೆ ಯಾರು ಬೇಕಾದರೂ ಗಿಡ ನೆಡಬಹುದು ಅಂತ ಒಂದು ಸಾಲು ಬಿಟ್ಟಿದ್ದರು. ಕಟಿಂಗಣ್ಣನೇ ಅಕ್ಕನನ್ನು ಕರೆದುಕೊಂಡು ಬಂದು, ತಾನೇ ಗುಂಡಿ ತೋಡಿ, ಹಳದಿ ಹೂ ಬಿಡುವ ಗಿಡ ನೆಡಿಸಿದ. ಸಾಲಿನಲ್ಲಿ ಒಟ್ಟು ಇಪ್ಪತ್ತೆರಡು ಗಿಡ, ಅವಳದು ಹದಿನೇಳನೆಯದು.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಪಾರ್ಕಿನಲ್ಲಿ ನಲ್ಲಿ ಇದ್ದರೂ ಮನೆಯಿಂದಲೇ ನೀರು ತರುತ್ತಿದ್ದಳು. "ನಲ್ಲಿ ನೀರು ಇಲ್ವೇನಮ್ಮ ಇಲ್ಲಿ?" ಅಂತ ನಾನೊಮ್ಮೆ ಕೇಳಿದ್ದಕ್ಕೆ, "ಅವ್ನು ಆಚೆ ನೀರು ಕುಡಿಯಲ್ಲಪ್ಪ, ಗಂಟಲು ಕೆರೆಯುತ್ತೆ" ಅಂದಳು. ಆಮೇಲೆ ನಾನು ಅಂಥ ಪ್ರಶ್ನೆ ಕೇಳಲಿಲ್ಲ. ಗಿಡದ ಬುಡದಲ್ಲಿ ಒಂದು ಗಂಟೆ ಕೂತು ವಾರದ ಸುದ್ದಿಯೆಲ್ಲ ಹೇಳಿ, ಮೇಲೆದ್ದು ಗಿಡದ ಬೆನ್ನು ತಟ್ಟಿ ಹೋಗುವಾಗ ಅವಳ ಮುಖ ನೋಡಬೇಕಿತ್ತು. ಮುಂದಿನ ಭಾನುವಾರದವರೆಗೂ ಬದುಕಲು ಸಾಕಾಗುವಷ್ಟು ಏನನ್ನೋ ಅಲ್ಲಿಂದ ಕಟ್ಟಿಕೊಂಡು ಹೋಗುತ್ತಿದ್ದಳು.

ಕಟಿಂಗಣ್ಣನಿಗೆ ಅದು ಗೊತ್ತಿತ್ತು. ಅದಕ್ಕೇ ಆ ಗಿಡವೆಂದರೆ ಅವನಿಗೆ ಪ್ರಾಣ.

ಸಲೂನಿನವರಿಗೆ ಒಂದು ಅಭ್ಯಾಸವಿರುತ್ತದೆ. ಕೂದಲು ಕತ್ತರಿಸಿ ಮುಗಿದ ಮೇಲೆ ಕಿವಿಯ ಸುತ್ತ, ಕುತ್ತಿಗೆಯ ಹಿಂದೆ ಒಂದು ಕೂದಲೂ ನಿಲ್ಲದ ಹಾಗೆ ಗೆರೆ ತೆಗೆಯುತ್ತಾರೆ. ಫಿನಿಶಿಂಗ್ ಅನ್ನುತ್ತಾರೆ. ಕಟಿಂಗಣ್ಣ ಆ ಫಿನಿಶಿಂಗನ್ನು ಪಾರ್ಕಿಗೂ ತಂದ. ಬೇರೆಯವರು ಕತ್ತರಿಸಿದರೆ ಮರದ ಬುಡದಲ್ಲಿ ಹುಲ್ಲು ಗಡ್ಡದ ಹಾಗೆ ಉಳಿದುಬಿಡುತ್ತದೆ. ಇವನು ದಾರದ ತುದಿಯನ್ನು ಕಾಂಡಕ್ಕೆ ತಾಗುವಷ್ಟು ಹತ್ತಿರ ಒಯ್ದು, ಮೆಲ್ಲಗೆ ಸುತ್ತಲೂ ತಿರುಗಿಸಿ, ಒಂದು ಎಸಳೂ ಬಿಡದೆ ಬೋಳಿಸಿಬಿಡುತ್ತಿದ್ದ. ನೋಡಲು ಎಷ್ಟು ಚೆನ್ನಾಗಿತ್ತು! ಮೇಲ್ವಿಚಾರಕರು ಫೋಟೋ ತೆಗೆದು ಬೇರೆ ಪಾರ್ಕುಗಳಿಗೆಲ್ಲ ಕಳಿಸಿ ಅವನನ್ನು ಅಟ್ಟಕ್ಕೇರಿಸಿದರು. ನಾನು ಭೇಷ್ ಅಂದೆ ಅಂತ ಮೊದಲೇ ಹೇಳಿದೆನಲ್ಲ.

ಉಳಿದ ಗಿಡಗಳಿಗೆ ತಿಂಗಳಿಗೊಮ್ಮೆ ಫಿನಿಶಿಂಗ್. ಹದಿನೇಳನೆಯದಕ್ಕೆ ವಾರಕ್ಕೆರಡು ಸಲ. ಬುಧವಾರ ಒಮ್ಮೆ, ಶನಿವಾರ ಸಂಜೆ ಇನ್ನೊಮ್ಮೆ. ಭಾನುವಾರ ಅಕ್ಕ ಬಂದಾಗ ಅವಳ ಮಗ ಈಗಷ್ಟೇ ಸಲೂನಿನಿಂದ ಎದ್ದು ಬಂದ ಹಾಗೆ ಕಾಣಬೇಕು. ಬದುಕಿದ್ದಾಗ ಆ ಹುಡುಗನ ಕಟಿಂಗು ಮಾಡಿದ್ದೂ ಈ ಮಾವನೇ ತಾನೇ.

ಎರಡು ವರ್ಷ ಹೀಗೆ ನಡೆಯಿತು. ಮೂರನೇ ವರ್ಷ ಎಲೆಗಳು ಸಣ್ಣಗಾದವು, ಅಂಚು ಹಳದಿಯಾಯಿತು. ಬುಡದಿಂದ ಒಂದು ಗೇಣು ಮೇಲೆ ಕಾಂಡ ಊದಿಕೊಂಡಿತ್ತು. "ನೋಡು, ಮೈ ಕೈ ತುಂಬ್ಕೊಳ್ತಿದಾನೆ" ಅಂತ ಕಟಿಂಗಣ್ಣ ನನಗೆ ಖುಷಿಯಿಂದ ತೋರಿಸಿದ. ನಾನೂ ತಲೆಯಾಡಿಸಿದೆ. ಇಬ್ಬರು ಕುರುಡರು ಒಬ್ಬರಿಗೊಬ್ಬರು ದಾರಿ ತೋರಿಸುತ್ತಿದ್ದೆವು.

ಒಂದು ಮಂಗಳವಾರ, ಹೂವಿನ ಸಸಿ ಇಳಿಸಲು ನರ್ಸರಿಯ ಅಜ್ಜಿ ಬಂದಿದ್ದರು. ಎಪ್ಪತ್ತು ದಾಟಿದ ಮುದುಕಿ, ಬಾಯಿ ಮಾತ್ರ ಹದಿನೆಂಟರದು. ಸಾಲಿನ ಪಕ್ಕ ಹಾದುಹೋಗುವಾಗ ಹದಿನೇಳನೆಯ ಗಿಡದ ಹತ್ತಿರ ನಿಂತರು. ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತು ಬುಡಕ್ಕೆ ಮೆತ್ತಿಕೊಂಡಿದ್ದ ಹುಲ್ಲಿನ ಪುಡಿ, ಮಣ್ಣು ಸರಿಸಿ ನೋಡಿದರು.

"ಇದರ ಚರ್ಮ ಸುಲಿದವ್ನು ಯಾರು?" ಅಂದರು.

ಕಟಿಂಗಣ್ಣನಿಗೆ ಅರ್ಥವಾಗಲಿಲ್ಲ. ಅಜ್ಜಿ ಅವನ ಕೈಹಿಡಿದು ಕೂರಿಸಿ ಬೆರಳು ಇಟ್ಟು ತೋರಿಸಿದರು. ಕಾಂಡದ ಸುತ್ತ, ಉಂಗುರದ ಹಾಗೆ, ನಾಲ್ಕು ಬೆರಳು ಅಗಲಕ್ಕೆ ತೊಗಟೆಯೇ ಇರಲಿಲ್ಲ. ಒಣಗಿದ ಬಿಳಿ ಕಟ್ಟಿಗೆ ಕಾಣುತ್ತಿತ್ತು. ಒಂದು ದಿನದ ಗಾಯವಲ್ಲ. ಒಂದೊಂದು ಸಲಕ್ಕೆ ಒಂದೊಂದು ಗೀರು, ವಾರಕ್ಕೆ ಎರಡು ಸಲ.

"ಎಲೆ ಅಡುಗೆ ಮಾಡುತ್ತಪ್ಪ, ಬೇರು ಕೆಳಗೆ ಕೂತು ಉಣ್ಣುತ್ತೆ" ಅಂದರು ಅಜ್ಜಿ. "ಊಟ ಇಳಿಯೋ ದಾರಿ ಈ ತೊಗಟೆ. ನೀನು ದಾರಿ ಕಡಿದಿದೀಯ. ಮೇಲೆ ಊದಿರೋದು ಊಟ ಇಳಿಯದೆ ನಿಂತಿರೋದು, ಮೈ ಬಂದಿರೋದಲ್ಲ. ಬೇರು ಉಪವಾಸ ಬಿದ್ದಿದೆ."

"ನೀರು ಹಾಕ್ತಾ ಇದೀವಲ್ಲಜ್ಜಿ..."

"ನೀರು ಒಳಗಿನ ಕಟ್ಟಿಗೆಯಲ್ಲಿ ಮೇಲೆ ಹೋಗುತ್ತೆ. ಅದಕ್ಕೇ ಇನ್ನೂ ನಿಂತಿದೆ. ಮನುಷ್ಯರಿಗೆ ಬೂಟು ಬೇಕು, ಕನ್ನಡಕ ಬೇಕು, ಗಾರ್ಡ್ ಬೇಕು. ಇದಕ್ಕೇನು ಹಾಕಿದ್ದೆ ನೀನು? ಬುಡದ ಸುತ್ತ ಒಂದು ಗೇಣು ಬಿಟ್ಟು ಕೈಯಲ್ಲಿ ಕಿತ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಕಟಿಂಗಣ್ಣ ಎದ್ದು ಉಳಿದ ಇಪ್ಪತ್ತೊಂದು ಗಿಡಗಳ ಬುಡವನ್ನೂ ಒಂದೊಂದಾಗಿ ಮುಟ್ಟಿ ನೋಡಿ ಬಂದ. ಅಲ್ಲಲ್ಲಿ ಗೀರು ಬಿದ್ದಿತ್ತು, ಒಂದು ಮಗ್ಗುಲಾದರೂ ತೊಗಟೆ ಉಳಿದಿತ್ತು. ಬದುಕಿಕೊಳ್ಳುತ್ತವೆ ಅಂದರು ಅಜ್ಜಿ. ಅವನು ಅಷ್ಟಾಗಿ ಹಚ್ಚಿಕೊಳ್ಳದ ಗಿಡಗಳೆಲ್ಲ ಬದುಕಿದ್ದವು.

"ಏನಾದ್ರೂ ಮಾಡಿ ಅಜ್ಜಿ" ಅಂದ. "ನಿಮ್ಮ ಕಾಲು ಹಿಡ್ಕೊಳ್ತೀನಿ. ಇದೊಂದು ಉಳೀಬೇಕು."

ಅಜ್ಜಿಗೆ ಒಂದು ಉಪಾಯ ಗೊತ್ತಿತ್ತು. ಅದೇ ಮರದ ಎಳೆಯ ಕಡ್ಡಿ ಕತ್ತರಿಸಿ, ಎರಡೂ ತುದಿ ಹೆರೆದು, ಒಂದು ತುದಿಯನ್ನು ಗಾಯದ ಕೆಳಗಿನ ತೊಗಟೆಯೊಳಗೆ, ಇನ್ನೊಂದನ್ನು ಮೇಲಿನ ತೊಗಟೆಯೊಳಗೆ ತೂರಿಸಿ, ಸಣ್ಣ ಮೊಳೆ ಹೊಡೆದು ಮೇಣ ಹಚ್ಚುವುದು. ಕಡ್ಡಿ ಕಚ್ಚಿಕೊಂಡರೆ ಊಟ ಸೇತುವೆ ದಾಟಿ ಬೇರಿಗೆ ಇಳಿಯುತ್ತದೆ. "ನಾಲ್ಕು ಹಾಕೋಣ. ಎರಡು ಹತ್ತಿದ್ರೆ ನಿನ್ನ ಪುಣ್ಯ. ಆದ್ರೆ ತುಂಬಾ ತಡ ಆಗಿದೆ ಕಣಪ್ಪ, ಆಸೆ ಇಟ್ಕೋಬೇಡ" ಅಂದರು. ಆಸೆ ಇಟ್ಟುಕೊಳ್ಳದೆ ಯಾರಾದರೂ ಅಂಥ ಕೆಲಸ ಮಾಡುತ್ತಾರೆಯೇ?

ಮರುದಿನ ಅವನು ಹಳೆಯ ರೇಜರು ತಂದ. ಆ ಕಡ್ಡಿಗಳನ್ನು ಅವನು ಹೆರೆದ ರೀತಿಗೆ ಅಜ್ಜಿಯೂ ತಲೆದೂಗಿದರು. ಇಪ್ಪತ್ತೆರಡು ವರ್ಷದ ವಿದ್ಯೆಯನ್ನೆಲ್ಲ ಆ ನಾಲ್ಕು ಕಡ್ಡಿಗೆ ಹಾಕಿದ. ಮುಗಿಸಿ ಎದ್ದ ಮೇಲೆ ಮಾತ್ರ ಬೆಂಚಿನ ಮೇಲೆ ಕೂತು ಗಳಗಳ ಅತ್ತ.

"ಅಕ್ಕಂಗೆ ಏನು ಹೇಳ್ಲಿ?" ಅಂತ ನನ್ನ ಕೇಳಿದ.

ನಾನು ಬುದ್ಧಿವಂತನಲ್ಲವೇ, ಉಪದೇಶ ಕೊಟ್ಟೆ. "ಈಗ್ಲೇ ಯಾಕೆ ಹೇಳ್ತೀಯ? ಹತ್ತಿಕೊಂಡ್ರೆ ಹೇಳೋ ಅಗತ್ಯಾನೇ ಇಲ್ಲ. ಗೋಣಿ ಸುತ್ತಿಡು. ಕೇಳಿದ್ರೆ ಹುಳ ಹತ್ತದೇ ಇರ್ಲಿ ಅಂತ ಸುತ್ತಿದೀನಿ ಅನ್ನು." ಆ ಮಾತು ಆಡಿದ ನಾಲಿಗೆಯನ್ನು ಆಮೇಲೆ ಎಷ್ಟು ಸಲ ಕಚ್ಚಿಕೊಂಡಿದ್ದೇನೋ.

ಗೋಣಿ ಸುತ್ತಿದ. ಭಾನುವಾರ ಅಕ್ಕ ಬಂದಳು, ನೋಡಿದಳು, ನಂಬಿದಳು. ತಮ್ಮನ ಮಾತನ್ನು ಅವಳು ಯಾವತ್ತು ನಂಬಿಲ್ಲ?

ವಾರದ ದಿನಗಳಲ್ಲಿ ಅವನು ಬೆಳಿಗ್ಗೆ ಬಂದವನೇ ಗೋಣಿ ಬಿಚ್ಚಿ ನೋಡುತ್ತಿದ್ದ. ಹತ್ತನೇ ದಿನಕ್ಕೆ ಎರಡು ಕಡ್ಡಿ ಒಣಗಿದವು. ಮೂರನೆಯದು ತಿಂಗಳೊಳಗೆ ಹೋಯಿತು. ನಾಲ್ಕನೆಯದು ಹಸಿರಾಗಿತ್ತು. ಅದಕ್ಕಾಗಿ ಅವನು ಹೊರದ ಹರಕೆಯಿಲ್ಲ. ಊಟದ ಡಬ್ಬಿ ತೆರೆಯುತ್ತಿರಲಿಲ್ಲ. ಮಷೀನು ಶುರು ಮಾಡಿದರೆ ಆ ಸದ್ದಿಗೆ ಅವನ ಮುಖವೇ ಕಪ್ಪಿಡುತ್ತಿತ್ತು. ಮರಗಳಿಂದ ಮೂರು ಮಾರು ದೂರ ನಿಂತು ಕತ್ತರಿಸುತ್ತಿದ್ದ, ಉಳಿದದ್ದನ್ನು ಮಂಡಿಯೂರಿ ಕೈಯಲ್ಲಿ ಕೀಳುತ್ತಿದ್ದ. ಬುಡದಲ್ಲಿ ಹುಲ್ಲು ನಿಂತಿದೆ ಅಂತ ಮೇಲ್ವಿಚಾರಕರು ಬೈದರೆ ಕೇಳಿಸಿಕೊಳ್ಳುತ್ತಲೂ ಇರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತ ನಾವು ಸುಲಭವಾಗಿ ಅನ್ನುತ್ತೇವೆ. ಆ ಬುದ್ಧಿಯನ್ನು ಇಟ್ಟುಕೊಂಡು ಬದುಕುವವನ ಪಾಡು ನೋಡಿದ ಮೇಲೆ ನಾನು ಆ ಗಾದೆ ಹೇಳುವುದನ್ನೇ ಬಿಟ್ಟಿದ್ದೇನೆ.

ಎರಡನೇ ತಿಂಗಳು ಒಂದು ಗುರುವಾರ ನಾಲ್ಕನೆಯ ಕಡ್ಡಿಯೂ ಕಂದಾಗಿತ್ತು.

ಅದೇ ವಾರ ಮರ ಹೂ ಬಿಟ್ಟಿತು. ನೆಟ್ಟಾಗಿನಿಂದ ಒಂದು ಮೊಗ್ಗೂ ಕಾಣದಿದ್ದ ಮರ, ಎಲೆ ಕಾಣದಷ್ಟು ಹಳದಿ. ಕಟಿಂಗಣ್ಣ ಹುಚ್ಚನ ಹಾಗೆ ಓಡಿಬಂದು ನನ್ನ ಭುಜ ಅಲ್ಲಾಡಿಸಿದ. "ಬದುಕ್ತು! ನೋಡ್ಬಾ, ಬದುಕ್ತು!" ಇಬ್ಬರೂ ಸೇರಿ ಅಜ್ಜಿಗೆ ಫೋನು ಮಾಡಿದೆವು.

"ಇಲ್ಲ ಕಣಪ್ಪ" ಅಂದರು ಅಜ್ಜಿ ಆ ಕಡೆಯಿಂದ. "ಸಾಯೋ ಮರ ಹಾಗೇ ಮಾಡುತ್ತೆ. ಬೇರಿಗೆ ಹೋಗ್ಬೇಕಾದ್ದನ್ನೆಲ್ಲ ಮೇಲೇ ಖರ್ಚು ಮಾಡಿಬಿಡುತ್ತೆ. ಈ ಹೂ ಉದುರಿದ ಮೇಲೆ ಚಿಗುರಲ್ಲ. ನಿಮ್ಮಕ್ಕಂಗೆ ಹೇಳಿಬಿಡು."

ಶನಿವಾರವೆಲ್ಲ ಅವನು ಹೇಳುವ ಮಾತನ್ನು ಕಲಿಯುತ್ತಿದ್ದ. ಹುಲ್ಲು ಕೀಳುತ್ತಾ ತುಟಿ ಅಲ್ಲಾಡಿಸುತ್ತಿದ್ದ.

ಭಾನುವಾರ ಅಕ್ಕ ಬಂದಳು. ಗೇಟಿನಿಂದಲೇ ಹಳದಿ ಕಂಡಿತು ಅವಳಿಗೆ. ಅರವತ್ತೈದರ ಹೆಂಗಸು, ಮಂಡಿ ನೋವಿನವಳು, ಓಡಿದಳು. ನಾನೂ ಹಿಂದೆ ಹೋದೆ. ಯಾಕೆ ಹೋದೆನೋ, ಕಟಿಂಗಣ್ಣನನ್ನು ಒಬ್ಬನನ್ನೇ ಬಿಡಲು ಮನಸ್ಸಾಗಲಿಲ್ಲ.

"ಲೋ, ನೋಡೋ ಇಲ್ಲಿ, ನನ್ ಮಗ ಹೇಗೆ ಅರಳಿದಾನೆ!" ಅಂತ ಅವಳು ನಗುತ್ತಾ ಅಳುತ್ತಾ ಮರವನ್ನು ಸುತ್ತಿ ಬಂದಳು. ಉದುರಿದ ಹೂವನ್ನೆಲ್ಲ ಸೆರಗಿಗೆ ತುಂಬಿಕೊಂಡಳು. ಮೂರು ವರ್ಷದಲ್ಲಿ ಅವಳ ಹಲ್ಲು ನೋಡಿದ್ದು ಅದೇ ಮೊದಲು. "ನಂಗೆ ಗೊತ್ತಿತ್ತು ಕಣೋ, ಇವ್ನು ಇಲ್ಲೇ ಇದಾನೆ ಅಂತ. ಈಗ ನೀವೆಲ್ಲ ನಂಬ್ತೀರಲ್ಲ?"

ಕಟಿಂಗಣ್ಣ ಮರಕ್ಕೂ ಅವಳಿಗೂ ನಡುವೆ ಬಂದು ನಿಂತ.

ಅಕ್ಕ ಕೈಚೀಲದಿಂದ ಒಂದು ಅಂಗಿ ತೆಗೆದಳು. ನೀಲಿ ಗೀಟಿನದು, ಇಸ್ತ್ರಿ ಹಾಕಿದ್ದು. "ಈ ಗೋಣಿ ಚುಚ್ಚುತ್ತೆ. ಇದನ್ನೇ ಸುತ್ತೋಣ, ಅವನದೇ" ಅನ್ನುತ್ತಾ ಬಾಗಿ ಗೋಣಿಯ ಗಂಟಿಗೆ ಕೈ ಹಾಕಿದಳು.

"ಬೇಡ ಅಕ್ಕ" ಅಂತ ಅವನು ಅವಳ ಕೈ ಹಿಡಿದ.

"ಬಿಡೋ, ನಾನೇ ಬಿಚ್ತೀನಿ."

ಗಂಟು ಬಿಚ್ಚಿಕೊಂಡಿತು, ಗೋಣಿ ಕೆಳಗೆ ಬಿತ್ತು. ಬಿಳಿಚಿದ ಆ ಉಂಗುರವನ್ನೂ ಒಣಗಿದ ನಾಲ್ಕು ಕಡ್ಡಿಗಳನ್ನೂ ಅವಳು ನೋಡಿದಳು. ಬೆರಳಿಟ್ಟು ಸುತ್ತಲೂ ಸವರಿದಳು. ರೈತರ ಮನೆಯಲ್ಲಿ ಹುಟ್ಟಿದವಳು, ಅವಳಿಗೆ ಯಾರೂ ವಿವರಿಸಬೇಕಾಗಲಿಲ್ಲ.

"ಯಾವ ಪಾಪಿ ಮಾಡಿದ್ದು ಇದನ್ನ?" ಅಂದಳು ಮೆಲ್ಲಗೆ. ಆಮೇಲೆ ಮೆಲ್ಲಗಿರಲಿಲ್ಲ. "ಇವ್ನ ಕುತ್ತಿಗೆ ಕುಯ್ದಿದಾರಲ್ಲೋ! ಯಾವನವ್ನು? ಅವ್ನ ಕೈ ಸೇದ್ಹೋಗ! ಅವ್ನಿಗೆ ಅನ್ನ ಎತ್ತಿ ಬಾಯಿಗಿಡೋ ಕೈ ಇಲ್ದೇ ಹೋಗ್ಲಿ! ನನ್ನ ಹಾಗೇ ಅವ್ನ ಹೆತ್ತವಳೂ..."

"ನಾನೇ ಅಕ್ಕ."

ಅವಳಿಗೆ ಕೇಳಿಸಲಿಲ್ಲ ಅಂದುಕೊಂಡೆ. ಅವನು ಇನ್ನೊಮ್ಮೆ ಹೇಳಿದ. "ನಾನೇ. ಮಷೀನಲ್ಲಿ. ನಿಂಗೆ ನೀಟಾಗಿ ಕಾಣ್ಲಿ ಅಂತ. ಗೊತ್ತಿರ್ಲಿಲ್ಲ ಅಕ್ಕ. ಉಳಿಸೋಕೆ ನೋಡಿದೆ, ಆಗ್ಲಿಲ್ಲ. ಇನ್ನು ಉಳಿಯಲ್ಲ." ಅವನು ಕಲಿತ ಮಾತು ಅಷ್ಟರಲ್ಲೇ ಮುಗಿದುಹೋಯಿತು.

ಅಕ್ಕ ನೆಲದ ಮೇಲೆ ಕೂತಳು. ಸೆರಗಿನ ಹೂವೆಲ್ಲ ಚೆಲ್ಲಿತು. ಆಮೇಲೆ ಅವಳು ಕೈ ಚಾಚಿ ತಮ್ಮನ ಬಲಗೈ ಎಳೆದುಕೊಂಡಳು. ಅದನ್ನು ಮೇಲೆ ಕೆಳಗೆ ಮಾಡಿ ನೋಡಿದಳು. ಎಳೆಯದಿದ್ದಾಗ ಆ ಕೈ ಹಿಡಿದು ನಡೆಸಿದ್ದು ಅವಳೇ.

"ಬಿಡ್ತು" ಅಂದಳು. "ಬಿಡ್ತು ಬಿಡ್ತು. ನಾನಂದಿದ್ದು ನಿನ್ನ ಮುಟ್ಟದೇ ಇರ್ಲಿ."

ಅಷ್ಟು ಹೇಳಿ ಕೈ ಬಿಟ್ಟಳು. ಅಂಗಿಯನ್ನು ಮಡಿಕೆ ಕೆಡದ ಹಾಗೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ನೀರಿನ ಬಾಟಲಿಯನ್ನು ಮರದ ಬುಡಕ್ಕೆ ಸುರಿಯಲಿಲ್ಲ, ಅದನ್ನೂ ವಾಪಸ್ಸು ಇಟ್ಟುಕೊಂಡಳು. ಮರದ ಬೆನ್ನು ತಟ್ಟಲಿಲ್ಲ. ತಮ್ಮನ ಕಡೆ ತಿರುಗಿಯೂ ನೋಡದೆ ಗೇಟು ದಾಟಿ ಹೋದಳು.

ಹತ್ತು ದಿನದಲ್ಲಿ ಹೂ ಉದುರಿತು, ಮಳೆ ಶುರುವಾದರೂ ಚಿಗುರು ಬರಲಿಲ್ಲ. ಬೇರೆ ಸಸಿ ನೆಡು ಅಂತ ಮೇಲ್ವಿಚಾರಕರು ಅವನಿಗೆ ಹೇಳಿದರು. ಗಿಡ ಬೇರೆ ಸಿಗುತ್ತದೆ. ಆ ತಾಯಿ ಮೂರು ವರ್ಷ ನೀರೆರೆದು ಮಾತಾಡಿದ್ದನ್ನು ಯಾವ ನರ್ಸರಿಯಿಂದ ತರುವುದು?

ಅವನು ಎರಡು ಸಲ ಅಕ್ಕನ ಮನೆಗೆ ಹೋಗಿದ್ದ. ಬಾಗಿಲು ತೆರೆದಳಂತೆ, ಊಟ ಬಡಿಸಿದಳಂತೆ. ಮಾತು ಮಾತ್ರ ಆಡಲಿಲ್ಲವಂತೆ.

ಈಗಲೂ ಭಾನುವಾರ ರಜೆಯಿದ್ದರೂ ಅವನು ಬರುತ್ತಾನೆ. ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, ಆ ಬಸ್ಸು ಬರುವ ಹೊತ್ತಿಗೆ ರಸ್ತೆ ನೋಡುತ್ತಾನೆ. ಬಸ್ಸು ನಿಂತು, ಇಳಿಯುವವರು ಇಳಿದು, ಮುಂದೆ ಹೋಗುತ್ತದೆ.

"ಅವ್ಳಿಗೆ ಕೂರೋಕೆ ಬೇರೆ ಜಾಗ ಇರ್ಲಿಲ್ಲ" ಅನ್ನುತ್ತಾನೆ. "ಈಗ ಭಾನುವಾರ ಎಲ್ಲಿಗೆ ಹೋಗ್ತಾಳೆ?"